ದೀಪ ಹಚ್ಚುವ ಮುಂಚಿನ ಗ್ಯಾಸು

ನಮ್ಮ ಕಡೆಯ ಹಳ್ಳಿಮನೆಗಳಲ್ಲಿ ಮಕ್ಕಳನ್ನು ಕಾಲೇಜಿಗೆ ಹಾಕುವ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಯಾವ ಕಾಲೇಜು ಎಂಬುದಲ್ಲ, ಸಾಗರದಲ್ಲಿ ನಮ್ಮವರು ಯಾರಿದ್ದಾರೆ ಎಂಬುದು. ಯಾರಾದರೂ ಇದ್ದೇ ಇರುತ್ತಾರೆ. ಚಿಕ್ಕಮ್ಮನ ನಾದಿನಿಯೋ, ಅಜ್ಜನಮನೆ ಕಡೆಯ ಯಾರೋ ಒಬ್ಬರು. ಅವರ ಮನೆಯ ಮೂಲೆಯಲ್ಲೊಂದು ಟ್ರಂಕು ಇಟ್ಟು, ಅವರ ಅನ್ನ ಉಂಡು, ಡಿಗ್ರಿ ಮುಗಿಸಿಕೊಂಡು ಬರುವುದು. ಹಾಗೆ ಇಟ್ಟುಕೊಂಡವರು ದುಡ್ಡು ಕೇಳುವುದಿಲ್ಲ, ಮಕ್ಕಳ ಮನೆಯವರು ಕೊಡುವುದೂ ಇಲ್ಲ. ಕೊಡಲು ಹೋದರೆ ಮುಖಕ್ಕೆ ಹೊಡೆದ ಹಾಗೆ. ಹಬ್ಬಕ್ಕೆ ಊರಿಗೆ ಹೋದ ಮಕ್ಕಳು ವಾಪಸು ಬರುವಾಗ ಅಕ್ಕಿ ಚೀಲವನ್ನೋ, ಬಾಳೆಗೊನೆಯನ್ನೋ, ಜೋನಿಬೆಲ್ಲದ ಡಬ್ಬಿಯನ್ನೋ ಹೊತ್ತು ಬಸ್ಸಿಳಿದರೆ ಸಾಕು.

ನಾನು ಹಾಗೆ ಬಸ್ಸಿಳಿದದ್ದು ಅತ್ತೆಯ ಮನೆಗೆ. ಅತ್ತೆ ಎಂದರೆ ಅಪ್ಪನ ತಂಗಿ. ಮಾವ ಕಾರ್ಗಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲಿಂಗನಮಕ್ಕಿ ಅಣೆಕಟ್ಟಿನ ಗೇಟುಗಳನ್ನು, ದೊಡ್ಡ ದೊಡ್ಡ ವಾಲ್ವುಗಳನ್ನು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ದುಡ್ಡಿನಲ್ಲಿ ಸಾಗರದ ಅಂಚಿನ ಒಂದು ಬೀದಿಯಲ್ಲಿ ಮನೆ ಕಟ್ಟಿಸಿದ್ದರು. ಒಬ್ಬಳೇ ಮಗಳು ಮದುವೆಯಾಗಿ ತೀರ್ಥಹಳ್ಳಿ ಸೇರಿದ್ದಳು. ಅವಳ ಕೋಣೆ ಖಾಲಿಯಾದ ವರ್ಷವೇ ಅಲ್ಲಿ ಮೂರು ಟ್ರಂಕು ಬಂದು ಕೂತವು. ಒಂದು ನನ್ನದು, ಹೊಸನಗರ ತಾಲ್ಲೂಕಿನ ಬಸ್ಸು ತಿರುಗುವ ಕೊನೆಯ ಊರಿನಿಂದ ಬಂದದ್ದು. ಇನ್ನೆರಡು ಮಾವನ ಕಡೆಯ ಅಕ್ಕತಂಗಿಯರವು, ಹೊನ್ನೆಮರಡಿನಿಂದಾಚೆ ಹಿನ್ನೀರಿನ ಬದಿಯ ಹಳ್ಳಿಯವು. ಸುಮ್ಮನಿದ್ದ ಮನೆಯಲ್ಲಿ ಬೆಳಿಗ್ಗೆ ಐದು ಜನರ ಸ್ನಾನ, ತಿಂಡಿ, ಮೂರು ಬುತ್ತಿ. ಸಂಜೆ ಕಾಲೇಜಿಂದ ಬಂದವರಿಗೆ ಬಿಸಿಬಿಸಿ ಏನಾದರೊಂದು, ಆಮೇಲೆ ರಾತ್ರಿಯ ಊಟ. ಅತ್ತೆಯ ಒಲೆಗೆ ಉಸಿರಾಡಲು ಬಿಡುವಿರಲಿಲ್ಲ.

ಕೊರೋನಾದ ಬೀಗ ತೆಗೆದು ಕಾಲೇಜುಗಳು ಮತ್ತೆ ನಡೆಯಲು ಶುರುವಾದ ವರ್ಷ ಅದು. ಸಿಲಿಂಡರಿನ ಬೆಲೆ ಏರುತ್ತಲೇ ಇತ್ತು. ಬ್ಯಾಂಕಿಗೆ ವಾಪಸು ಬರುತ್ತಿದ್ದ ಸಬ್ಸಿಡಿ ಯಾರಿಗೂ ಹೇಳದೆ ಕೇಳದೆ ನಿಂತುಹೋಗಿತ್ತು. ಅಂಗಳದಲ್ಲಿ ಸಿಲಿಂಡರು ಇಳಿಸುವ ಸದ್ದು ಕೇಳಿದರೆ ಮಾವ ಪೇಪರಿನಿಂದ ತಲೆ ಎತ್ತುತ್ತಿದ್ದರು. ನಾವು ಮೂವರೂ ಪುಸ್ತಕದಲ್ಲಿ ಇನ್ನಷ್ಟು ತಲೆ ತಗ್ಗಿಸುತ್ತಿದ್ದೆವು.

ಏಜೆನ್ಸಿ ಬದಲಿಸಿದರೆ ಹೇಗೆ ಎಂಬುದು ಮಾವನ ಮೊದಲ ಯೋಚನೆ. ಪೇಟೆಗೆ ಹೋಗಿ ವಿಚಾರಿಸಿಕೊಂಡೂ ಬಂದರು. ಬದಲಿಸಲಿಕ್ಕೆ ಬರುತ್ತದಂತೆ, ಯಾರೂ ಬೇಡ ಅನ್ನುವುದಿಲ್ಲವಂತೆ, ಆದರೆ ಬೆಲೆ ಎಲ್ಲ ಕಡೆ ಒಂದೇ. ತರುವ ಗಾಡಿಯ ಬಣ್ಣ ಬದಲಾಗುತ್ತದೆ, ಅಷ್ಟೇ ಲಾಭ ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು.

ಮಾವ ಆಮೇಲೆ ಮಾಡಿದ ತಪ್ಪನ್ನು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ಬದುಕಿದವರು ಮಾತ್ರ ಮಾಡಬಲ್ಲರು. ಅಲ್ಲಿದ್ದಷ್ಟೂ ಕಾಲ ಅವರ ಮನೆಯಲ್ಲಿ ಕರೆಂಟಿನ ಕಾಯಿಲ್ ಒಲೆ ಉರಿಯುತ್ತಿತ್ತು. ಕರೆಂಟಿನ ಬಿಲ್ಲೆಂಬುದು ಅವರ ನೆನಪಿಗೆ ಬರುವಂಥ ಸಂಗತಿಯೇ ಆಗಿರಲಿಲ್ಲ. ನೀರು ಧುಮುಕಿಸಿ ಕರೆಂಟು ಮಾಡುವ ಜಾಗದಲ್ಲೇ ಆಯುಷ್ಯ ಕಳೆದವರಿಗೆ ಕರೆಂಟೆಂದರೆ ಮನೆ ಹಿಂದಿನ ಬಾವಿಯ ನೀರಿದ್ದ ಹಾಗೆ, ಸೇದಿದಷ್ಟೂ ನಮ್ಮದೇ. ಹಾಗಾಗಿ ಮಾವ ಅಟ್ಟದಿಂದ ಹಳೆಯ ಕಾಯಿಲ್ ಒಲೆ ಇಳಿಸಿ, ಅದಕ್ಕೆ ಹೊಸ ವೈರು ಹಾಕಿ, ಅಡುಗೆಮನೆಯ ಕಟ್ಟೆಯ ಮೇಲೆ ದೇವರನ್ನು ಕೂರಿಸಿದಂತೆ ಕೂರಿಸಿದರು. ಇನ್ನು ಸಿಲಿಂಡರಿಗೆ ಸಲಾಂ ಹೊಡೆಯುವುದು ಬೇಡ ಎಂದರು. ಒಲೆ ಕೆಂಪಗೆ ಕಾದು, ಕುಕ್ಕರು ಕೂಗಿ, ಪಲ್ಯ ಬೆಂದು ಎಲ್ಲವೂ ಚೆನ್ನಾಗಿಯೇ ನಡೆಯಿತು. ಒಲೆಯ ಜೊತೆಗೆ ಗೀಸರೂ ಹಾಕಿದರೆ ಮನೆಯಿಡೀ ಕತ್ತಲಾಗುತ್ತಿತ್ತು ಎನ್ನುವುದೊಂದೇ ಕಿರಿಕಿರಿ.

ತಿಂಗಳು ಕಳೆದು ಮೀಟರು ನೋಡುವವನು ಬಂದ. ಕೈಯಲ್ಲಿದ್ದ ಮೆಷಿನ್ನಿಂದ ಚೀಟಿ ಹರಿದು ಮಾವನಿಗೆ ಕೊಡುವ ಮುಂಚೆ ತಾನೇ ಒಂದು ಸಲ ನೋಡಿ, ಆಮೇಲೆ ಮನೆಯನ್ನೊಂದು ಸಲ ನೋಡಿ, ಒಳಗೆ ಹಿಟ್ಟಿನ ಗಿರಣಿ ಏನಾದರೂ ಇಟ್ಟಿದ್ದೀರಾ ಎಂದು ಕೇಳಿದ. ಮಾವ ಆ ಚೀಟಿಯನ್ನು ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಅಷ್ಟು ವರ್ಷ ಇಡೀ ನಾಡಿಗೆ ಕರೆಂಟು ಕಳಿಸಿದ ಮನುಷ್ಯ ತನ್ನ ಮನೆಯ ಮೀಟರನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಆ ಸಂಜೆ ಉಣ್ಣಲು ಕೂತಾಗ ಅವರು ನಮ್ಮ ಯಾರ ಮುಖವನ್ನೂ ನೋಡದೆ ಅತ್ತೆಗೆ ಹೇಳಿದರು:

“ಬಪ್ಪ ವರ್ಷ ಮಕ್ಕಳಿಗೆ ಹಾಸ್ಟೆಲ್ ನೋಡದು ಒಳ್ಳೇದು ಕಾಣ್ತು.”

ಅತ್ತೆ ಸಾರು ಬಡಿಸುತ್ತಿದ್ದವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. “ಹಂಗೆಲ್ಲ ಹೇಳಡಿ. ಒಲೆ ಕಥೆ ಯನಗೆ ಬಿಡಿ” ಅಂದರು.

ಮಾವ ಕೆಟ್ಟವರಲ್ಲ. ನಮ್ಮ ಅಪ್ಪಂದಿರ ಹತ್ತಿರ ದುಡ್ಡು ಕೇಳಿ ಎಂದರೆ ನಾಲಿಗೆ ಕಚ್ಚಿಕೊಳ್ಳುವ ಪೈಕಿ. ಕೇಳುವ ಹಾಗಿಲ್ಲ, ಬರುವ ಪಿಂಚಣಿ ಹಿಗ್ಗುವುದಿಲ್ಲ. ಉಳಿದ ದಾರಿ ಮುಂದಿನ ವರ್ಷದ ಹಾಸ್ಟೆಲೊಂದೇ. ಆದರೆ ಹಾಸ್ಟೆಲ್ ಎನ್ನುವ ಮಾತು ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೆ ಗೊತ್ತಿತ್ತು. ಪಿಯುಸಿಗೇ ಸಾಕು ಎಂದಿದ್ದ ಅಪ್ಪ, ತಂಗಿಯ ಮನೆ ಎಂಬ ಒಂದೇ ಧೈರ್ಯದ ಮೇಲೆ ನನ್ನನ್ನು ಕಳಿಸಿದ್ದರು. ಊರಿನಿಂದ ದಿನಾ ಓಡಾಡುವ ಹಾಗೆ ಬಸ್ಸಿರಲಿಲ್ಲ. ಅತ್ತೆಯ ಮನೆ ತಪ್ಪಿದರೆ ಓದೂ ತಪ್ಪಿತು.

ಮಾರನೆಯ ದಿನದಿಂದ ಅತ್ತೆಯ ಕಣ್ಣು ಬೇಲಿಯಾಚೆಗೆ ಹೊರಳಿತು.

ಬೇಲಿಯಾಚೆ ಹಾಲು ಮಾರುವವರ ಮನೆ. ಗಂಡ ಹೆಂಡತಿ, ಮತ್ತೆ ಗಂಡನ ತಾಯಿ. ಆ ತಾಯಿಯನ್ನು ಬೀದಿಯಲ್ಲಿ ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದುದು. ಕೊಟ್ಟಿಗೆ ತುಂಬ ದನ. ಕೊಟ್ಟಿಗೆಯ ಪಕ್ಕದಲ್ಲೊಂದು ಗೋಬರ್ ಗ್ಯಾಸಿನ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಗ್ಯಾಸು ಹುಟ್ಟಿದ ಹಾಗೆ ಡ್ರಮ್ಮು ಮೇಲೇಳುತ್ತದೆ, ಉರಿಸಿದ ಹಾಗೆ ಇಳಿಯುತ್ತದೆ. ಅವರ ಮನೆಯಲ್ಲಿ ಸಗಣಿ ಹೆಚ್ಚು, ಉಣ್ಣುವ ಬಾಯಿ ಕಡಿಮೆ. ಡ್ರಮ್ಮು ಸದಾ ಮೇಲೆದ್ದು ವಾಲಿಕೊಂಡೇ ಇರುತ್ತಿತ್ತು, ಹೆಚ್ಚಾದ ಗ್ಯಾಸು ಅಂಚಿನಿಂದ ಗುಳುಗುಳು ಎನ್ನುತ್ತಾ ಗಾಳಿಗೆ ಹೋಗುತ್ತಿತ್ತು. ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅತ್ತೆ ಆ ಗುಳುಗುಳು ಕೇಳಿಸಿಕೊಂಡಿದ್ದರು. ನಾವೂ ಕೇಳಿದ್ದೆವು, ಮೂಗು ಮುಚ್ಚಿಕೊಂಡು ಒಳಗೆ ಓಡಿದ್ದೆವು. ಅತ್ತೆಗೆ ಮಾತ್ರ ಆ ಸದ್ದು ಒಲೆಯ ಮೇಲಿಂದ ಹಾಲು ಉಕ್ಕಿಹೋಗುವಂತೆ ಕೇಳಿಸಿತಂತೆ. ಕಣ್ಣೆದುರು ಉಕ್ಕಿ ಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ಯಾವ ಹೆಂಗಸಿಗೆ ಆಗುತ್ತದೆ ಎಂದು ಆಮೇಲೆ ನಮ್ಮನ್ನೇ ಕೇಳಿದರು.

ಕೇಳಲು ಹೋದ ರೀತಿಯನ್ನು ನಾನು ಮರೆಯುವುದಿಲ್ಲ. ಬರಿಗೈಯಲ್ಲಿ ಹೋಗಲಿಲ್ಲ. ಐದು ಜನರ ಮನೆಯ ಕಲಗಚ್ಚು, ಅಂದರೆ ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ, ಎಲ್ಲವನ್ನೂ ಒಂದು ಬಕೆಟ್ಟಿಗೆ ಹಾಕಿಕೊಂಡು ಹೋದರು. ನಿಮ್ಮ ದನಕ್ಕೆ ಇದು ದಿನಾ ಬರುತ್ತದೆ, ನಿಮ್ಮ ದನ ನಮ್ಮ ಒಲೆಗೆ ಸ್ವಲ್ಪ ಏನಾದರೂ ಕೊಡಬಹುದೇ ಎಂದು ಹಾಲಿನ ಮನೆಯ ಹೆಂಗಸನ್ನು ಕೇಳಿದರಂತೆ. ಅವರು ಮೊದಲು ನಕ್ಕರಂತೆ. ಆಮೇಲೆ, ಗಾಳಿಗೆ ಹೋಗುವುದು ನಿಮ್ಮ ಒಲೆಗೆ ಹೋದರೆ ನಮಗೇನು ನಷ್ಟ ಅಂದರಂತೆ. ದುಡ್ಡಿನ ಮಾತು ಎರಡೂ ಕಡೆಯಿಂದ ಬರಲಿಲ್ಲ.

ಮಾವ ಬೇಡ ಎನ್ನಲಿಲ್ಲ. ಕಾಯಿಲ್ ಒಲೆಯ ಪ್ರಕರಣದ ನಂತರ ಅಡುಗೆಮನೆಯ ವಿಷಯದಲ್ಲಿ ಅವರ ದನಿ ತಗ್ಗಿತ್ತು. ಪೈಪಿನ ವಿಚಾರ ಬಂದದ್ದೇ ಹುರುಪಾದರು. ಆಚೆಯ ಡ್ರಮ್ಮಿನ ಹತ್ತಿರ ಒಂದು ವಾಲ್ವು ಕೂರಿಸಿ, ಕಪ್ಪು ಪೈಪು ತಂದು ಬೇಲಿಗುಂಟ ಎಳೆದರು. ಒಳಗೆ ನೀರು ಕಟ್ಟಿದರೆ ಉರಿ ಬಿಕ್ಕಳಿಸುತ್ತದೆಂದು ಸಣ್ಣ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಬಿಡಲು ಒಂದು ನಲ್ಲಿ ಇಟ್ಟರು. ಗೋಬರ್ ಗ್ಯಾಸಿಗೆ ಬೇರೆಯದೇ ಒಲೆ ಬೇಕು. ಅದು ನಮ್ಮ ಊರಿನ ಮನೆಯ ಅಟ್ಟದಲ್ಲಿತ್ತು, ನಾನು ಹಬ್ಬಕ್ಕೆ ಹೋದವಳು ಅಕ್ಕಿ ಚೀಲದ ಜೊತೆ ಹೊತ್ತು ತಂದೆ. ಗೀಸರಿನ ಬದಲು ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದು ಶುರುವಾಯಿತು, ಅಡಿಕೆ ಸಿಪ್ಪೆಯ ಮೂಟೆಗಳು ಹಿನ್ನೀರಿನ ಕಡೆಯಿಂದ ಬಂದವು. ಹೀಗೆ ಮೂರು ಟ್ರಂಕಿನವರೂ ಒಲೆಗೆ ಒಂದೊಂದು ಕೈ ಹಾಕಿದ್ದಾಯಿತು.

ಮೊದಲ ದಿನ ಬೆಳಿಗ್ಗೆ ನೀಲಿ ಉರಿ ಹೊತ್ತಿದಾಗ ಅತ್ತೆ ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಪಾಯಸ ಮಾಡಿ, ಮೊದಲ ಬಟ್ಟಲನ್ನು ಬೇಲಿಯಾಚೆ ಕಳಿಸಿದರು. ತಿಂಡಿಯಾಯಿತು, ಬುತ್ತಿಯಾಯಿತು, ಮಧ್ಯಾಹ್ನದ ಅಡುಗೆಯೂ ಆಯಿತು. ಸಂಜೆ ನಾವು ಬಂದ ಮೇಲೆ ಅತ್ತೆ ರೊಟ್ಟಿ ಸುಡುತ್ತಾ ಕೂತಿದ್ದರು. ಕಾವಲಿಯ ಮೇಲೆ ಅರ್ಧ ಬೆಂದ ರೊಟ್ಟಿ ಇರುವಾಗಲೇ ಉರಿ ಸಣ್ಣಗಾಯಿತು, ನೀಲಿ ಹೋಗಿ ಚುಕ್ಕಿಯಾಯಿತು, ಆರಿತು.

ಅತ್ತೆ ಬೇಲಿಯ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ಆಚೆ ತುಳಸಿಕಟ್ಟೆಯಲ್ಲಿ ದೀಪ ಹಚ್ಚಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

“ಅಮ್ಮಾ, ವಾಲ್ವು ಏನಾದ್ರೂ ಸಿಕ್ಕಾಕ್ಕೊಂಡಿದ್ಯಾ ಸ್ವಲ್ಪ ನೋಡ್ತೀರಾ?” ಅಂದರು ಅತ್ತೆ.

“ಸಿಕ್ಕಾಕ್ಕೊಂಡಿಲ್ಲ ತಂಗಿ, ನಾನೇ ತಿರುವಿದ್ದು. ದೀಪ ಹಚ್ಚಾಯ್ತಲ್ಲ. ಹೊತ್ತು ಮುಳುಗಿದ್ಮೇಲೆ ಮನೆಯಿಂದ ಬೆಂಕಿ ಆಚೆ ಕೊಡಲ್ಲ ನಾವು.”

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ ಅದು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಬೆಂಕಿ ಇವುಗಳನ್ನು ಹೊಸ್ತಿಲು ದಾಟಿಸುವುದಿಲ್ಲ. ನನ್ನ ಅಜ್ಜಿಯೂ ಕೊಡುತ್ತಿರಲಿಲ್ಲ. ಆದರೆ ಪೈಪಿನಲ್ಲಿ ಹೋಗುವ ಗ್ಯಾಸಿಗೂ ಅದು ಅನ್ವಯಿಸುತ್ತದೆ ಎಂದು ನಾವ್ಯಾರೂ ಎಣಿಸಿರಲಿಲ್ಲ.

“ಇದು ಬೆಂಕಿ ಅಲ್ವಲ್ಲಮ್ಮ, ಬರೀ ಗಾಳಿ. ಬೆಂಕಿ ನಾನು ನಮ್ಮನೆ ಕಡ್ಡಿ ಗೀರಿ ಹಚ್ಕೊಳೋದು” ಎಂದು ಅತ್ತೆ ಮೆಲ್ಲಗೆ ವಾದ ಹೂಡಿದರು.

ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ. “ಹಂಗಾದ್ರೆ ನಾನು ಹೆಪ್ಪು ಕೊಟ್ರೂ ಅದು ಮೊಸರಲ್ಲ ಬಿಡು. ಹಾಲು ನಿಂದೇ ಅಲ್ವಾ?”

ಅತ್ತೆಗೆ ನಗು ಬಂದುಬಿಟ್ಟಿತು. ಒಳಗೆ ಬಂದು, ಅರ್ಧ ಬೆಂದ ರೊಟ್ಟಿಯನ್ನು ಸಿಲಿಂಡರಿನ ಒಲೆಗೆ ದಾಟಿಸುತ್ತಾ, ಅಜ್ಜಿ ಹೇಳಿದ್ದೇ ಸರಿ ಇದ್ದು ಅಂದರು. ಸೊಸೆಗೆ ಹೇಳಿ ಕದ್ದು ವಾಲ್ವು ತೆರೆಸಬಹುದಿತ್ತು. ಹಾಲಿನ ಮನೆಯ ಸೊಸೆಯೇ ಮರುದಿನ ಗುಟ್ಟಾಗಿ ಹಾಗೆ ಸೂಚಿಸಿದರು. ಅತ್ತೆ ಕೇಳಿಸಿಕೊಳ್ಳದವರಂತೆ ಮಾತು ಬದಲಿಸಿದರು.

ಅಲ್ಲಿಂದ ಮುಂದೆ ಕೆಲವು ವಾರ ಅತ್ತೆ ಹೊತ್ತಿನ ಜೊತೆ ಪಂದ್ಯ ಕಟ್ಟಿದರು. ಬಿಸಿಲು ಬೇಲಿಯ ತುದಿಗೆ ಬಂದಾಗ ಅನ್ನಕ್ಕೆ ಇಡುವುದು, ಅದು ಕಂಬಕ್ಕೆ ಬರುವಷ್ಟರಲ್ಲಿ ಹುಳಿ ಕುದಿಸುವುದು. ಚಳಿಗಾಲದ ಹೊತ್ತು ಅವರಿಗಿಂತ ಚುರುಕು, ಬೇಗ ಮುಳುಗಿಬಿಡುತ್ತಿತ್ತು. ಬೇಗ ಮಾಡಿಟ್ಟ ಅಡುಗೆ ಉಣ್ಣುವಾಗ ತಣ್ಣಗಾಗಿರುತ್ತಿತ್ತು, ಮತ್ತೆ ಬಿಸಿ ಮಾಡಲು ಸಿಲಿಂಡರೇ ಬೇಕು. ಮಾವನಿಗೆ ತಣ್ಣನೆಯ ಅನ್ನ ಸೇರದು. “ಹಂಗಾರೆ ಹೊತ್ತು ಮುಳುಗ್ದೇ ಇದ್ದಂಗೆ ಮಾಡವು” ಎಂದು ಅವರು ಒಂದು ದಿನ ಚಟಾಕಿ ಹಾರಿಸಿದರು. ಯಾರೂ ನಗಲಿಲ್ಲ. ಅಂಗಳಕ್ಕೆ ಸಿಲಿಂಡರು ಮೊದಲಿಗಿಂತ ತಡವಾಗಿ ಬರುತ್ತಿತ್ತು ನಿಜ, ಆದರೆ ಬರುತ್ತಲೇ ಇತ್ತು. ಮಾವ ಹಾಸ್ಟೆಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಅದನ್ನು ಹೇಳಿಯೂ ಆಗಿತ್ತು.

ಆದರೆ ಚಟಾಕಿ ಹಾರಿಸಿದ ಮನುಷ್ಯ ತನ್ನ ಮಾತನ್ನು ತಾನೇ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಸಂಜೆ ಹೊತ್ತು ಬೇಲಿಯ ಹತ್ತಿರ ಕೈಕಟ್ಟಿ ನಿಂತು ಆಚೆಯ ಡ್ರಮ್ಮನ್ನು ನೋಡುತ್ತಿದ್ದರು. ಮಧ್ಯಾಹ್ನವೆಲ್ಲ ಅದು ಮೇಲೆದ್ದು ಗುಳುಗುಳು ಎನ್ನುತ್ತದೆ, ಆಗ ನಮಗೆ ಬೇಡ. ನಮಗೆ ಬೇಕಾದಾಗ ಬಾಗಿಲು ಮುಚ್ಚಿರುತ್ತದೆ. ಒಂದು ಭಾನುವಾರ ಚಹಾ ಕುಡಿಯುವಾಗ ನಮ್ಮನ್ನೆಲ್ಲ ಕೂರಿಸಿಕೊಂಡು ಮೇಷ್ಟ್ರ ಥರ ಕೇಳಿದರು, ಲಿಂಗನಮಕ್ಕಿ ಹೇಳಿರೆ ಎಂತ?

“ನಮ್ಮಜ್ಜನ ಗದ್ದೆ” ಅಂದಳು ಹಿನ್ನೀರಿನ ಕಡೆಯ ಹುಡುಗಿಯರಲ್ಲಿ ದೊಡ್ಡವಳು, ಬಿಸ್ಕತ್ತು ಅದ್ದುತ್ತಾ.

ಅವರ ಅಜ್ಜನ ಗದ್ದೆ ಆ ನೀರಿನ ತಳದಲ್ಲಿರುವುದು ನಿಜವೇ. ಮಾವನಿಗೂ ಅದೇ ಅಜ್ಜ ದೊಡ್ಡಪ್ಪನಾಗಬೇಕು.

“ಅದೂ ಸರಿಯೇಯ” ಎಂದರು ಮಾವ, ಲೋಟ ಕೆಳಗಿಟ್ಟು. “ಆದ್ರೆ ಕೆಲಸ ಎಂತ? ಮಳೆಗಾಲದಲ್ಲಿ ಬಂದದ್ನ ಬೇಸಿಗೆಗೆ ಇಟ್ಗಂಬದು. ಬಪ್ಪ ಹೊತ್ತು ಬೇರೆ, ಬೇಕಪ್ಪ ಹೊತ್ತು ಬೇರೆ. ನಡುವೆ ಒಂದು ಕಟ್ಟೆ.”

ಹೊಸನಗರದ ದಾರಿಯಲ್ಲಿ ಅವರ ಹಳೆಯ ಪರಿಚಯದವರೊಬ್ಬರ ಮನೆಯಿತ್ತು. ಅವರು ಹಿಂದೊಮ್ಮೆ ಗೋಬರ್ ಗ್ಯಾಸು ಶೇಖರಿಸಲು ದಪ್ಪ ರಬ್ಬರಿನ ದೊಡ್ಡ ಚೀಲ ತರಿಸಿದ್ದರು, ದನ ಮಾರಿದ ಮೇಲೆ ಅದು ಅಟ್ಟ ಸೇರಿತ್ತು. ಮಾವನೂ ನಾನೂ ಹೋಗಿ ಅದನ್ನು ಸುತ್ತಿ ಹಗ್ಗ ಕಟ್ಟಿ ತಂದೆವು. ಬಸ್ಸಿನ ಕಂಡಕ್ಟರು ಇದೇನು ಹಾಸಿಗೆಯೋ ಟಾರ್ಪಾಲೋ ಎಂದ. ಗಾಳಿ ತುಂಬುವ ಚೀಲ ಎಂದರು ಮಾವ. ಖಾಲಿ ಗಾಳಿಗೆ ಲಗೇಜು ಹಾಕಿದರೆ ಪಾಪ ಬರುತ್ತದೆ ಬಿಡಿ ಎಂದು ಆತ ಅದನ್ನು ಟಾಪಿಗೆ ಎಸೆದ.

ಆಮೇಲಿನ ದಿನಗಳಲ್ಲಿ ಮಾವನನ್ನು ನೋಡುವುದೇ ಒಂದು ಚೆಂದ. ನಿವೃತ್ತಿಯಾದ ಮೇಲೆ ಅವರು ಹಾಗೆ ಸೀಟಿ ಹಾಕಿದ್ದನ್ನು ಕೇಳಿರಲಿಲ್ಲ ಎಂದು ಅತ್ತೆಯೇ ಹೇಳಿದರು. ಪಂಚರ್ ಅಂಗಡಿಯಿಂದ ರಬ್ಬರಿನ ತುಂಡು ತಂದು ತೂತುಗಳಿಗೆ ತೇಪೆ ಹಾಕಿದರು. ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಿವಿಯಿಟ್ಟೂ ಕಣ್ಣಿಟ್ಟೂ ಪರೀಕ್ಷಿಸಿದರು. ಬಚ್ಚಲ ಬೆಂಕಿಯಿಂದ ದೂರ, ಬಟ್ಟೆ ಒಗೆಯುವ ಕಲ್ಲಿನಾಚೆ ನೆರಳು ಬಲೆ ಕಟ್ಟಿ ಚೀಲವನ್ನು ಮಲಗಿಸಿದರು. ಬೇಲಿಯ ಕಡೆಗೊಂದು ವಾಲ್ವು, ಅಡುಗೆಮನೆಯ ಕಡೆಗೊಂದು. ಚೀಲ ತುಂಬಿದ ಮೇಲೆ ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಕಲ್ಲು, ಒತ್ತಿದರೆ ತಾನೇ ಗ್ಯಾಸು ಒಲೆಗೆ ಮುಟ್ಟುವುದು. ಎರಡೂ ವಾಲ್ವಿಗೆ ಅಣೆಕಟ್ಟಿನ ಗೇಟುಗಳ ಹೆಸರನ್ನೇ ಇಟ್ಟರು. ಒಂದನ್ನು ತೆರೆದಾಗ ಇನ್ನೊಂದು ಮುಚ್ಚಿರಬೇಕೆಂದು ನಮಗೆಲ್ಲ ಪಾಠವಾಯಿತು.

ಎಲ್ಲ ತಯಾರಾದ ದಿನ ಮಧ್ಯಾಹ್ನ ಮಾವ ಬೇಲಿ ಕಡೆಯ ವಾಲ್ವು ತೆರೆದರು. ಚಪ್ಪಟೆಯಾಗಿ ಬಿದ್ದಿದ್ದ ಚೀಲ ಮೊದಲು ಒಂದು ಮೂಲೆಯಲ್ಲಿ ಉಬ್ಬಿತು, ಆಮೇಲೆ ಮಗ್ಗುಲು ಬದಲಿಸಿದಂತೆ ಇನ್ನೊಂದು ಮೂಲೆಯಲ್ಲಿ. ಬಿಸಿಲು ಇಳಿಯುವಷ್ಟರಲ್ಲಿ ಗುಂಡಗೆ ತುಂಬಿ ಕೂತಿತು. ಇವತ್ತು ರಾತ್ರಿ ಬಿಸಿ ಅನ್ನ ಎಂದು ನಾವು ಮೂವರೂ ಕುಣಿದೆವು.

ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ಮಾವ ಕೇಳಿದರು.

“ಅಜ್ಜಿನ ಕರ್ಕಂಡು ಬತ್ತಿ. ಅವ್ರಿಗೆ ತೋರಿಸ್ದೇ ಉರಿಸಿರೆ ಕದ್ದು ಉಂಡಂಗೆ ಆಗ್ತು.”

ಅವರು ಬೇಡ ಎಂದುಬಿಟ್ಟರೆ ಎಂದು ನಾನು ಕೇಳಿದೆ. ಅತ್ತೆ ನನ್ನ ಕಡೆ ನೋಡಿದರು. ಆ ಚೀಲದ ಮೇಲೆ ಯಾರ ಓದು ಕೂತಿದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಬೇಡ ಅಂದ್ರೆ ಬೇಡ. ಬೇರೆ ದಾರಿ ಹುಡುಕ್ತಿ” ಎಂದು ಹೊರಟೇಬಿಟ್ಟರು.

ಅವತ್ತು ನನಗೆ ಅತ್ತೆಯ ಮೇಲೆ ಸಿಟ್ಟೇ ಬಂದಿತ್ತು. ಹೇಳದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಅವರ ಕಡೆಯ ವಾಲ್ವನ್ನು ಅಜ್ಜಿ ಎಂದಿನಂತೆ ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದರು, ನಾವು ನಮ್ಮ ಪಾಡಿಗೆ ಉರಿಸಿಕೊಳ್ಳುತ್ತಿದ್ದೆವು. ಈಗ ಯೋಚಿಸಿದರೆ ಆ ಮನೆಯಲ್ಲಿ ನಾನು ಕಲಿತದ್ದರಲ್ಲಿ ಕಾಲೇಜಿನದು ಎಷ್ಟು, ಬೇಲಿಯ ಬದಿಯದು ಎಷ್ಟು ಎಂದು ಬೇರೆ ಮಾಡಲಿಕ್ಕೇ ಬರುವುದಿಲ್ಲ.

ಅಜ್ಜಿ ಬಂದರು. ಬೇಲಿಯ ಸಂದಿಯಿಂದಲ್ಲ, ಬೀದಿ ಬಳಸಿ, ಮುಂಬಾಗಿಲಿನಿಂದಲೇ ಬಂದರು. ಹಿತ್ತಲಿಗೆ ಹೋಗಿ ಚೀಲದ ಸುತ್ತ ಒಂದು ಸುತ್ತು ಹಾಕಿದರು. ಗಬ್ಬದ ದನದ ಹೊಟ್ಟೆ ಮುಟ್ಟಿ ನೋಡುವ ಹಾಗೆ ಅಂಗೈ ಇಟ್ಟು ಒತ್ತಿದರು, ಇನ್ನೊಂದು ಕಡೆಯೂ ಒತ್ತಿದರು. ಇದಕ್ಕೆ ಬಾಯಿ ಯಾವುದು ಎಂದು ಕೇಳಿದರು. ಮಾವ ಎರಡು ವಾಲ್ವನ್ನೂ ತೋರಿಸಿ, ಯಾವುದು ಒಳಬಾಗಿಲು, ಯಾವುದು ಹೊರಬಾಗಿಲು ಎಂದು ಹಿಂದೆ ಅಧಿಕಾರಿಗಳಿಗೆ ಹೇಳುತ್ತಿದ್ದಷ್ಟೇ ಗಂಭೀರವಾಗಿ ವಿವರಿಸಿದರು. ಅಜ್ಜಿ ಬೇಲಿ ಕಡೆಯದನ್ನು ತಾವೇ ತಿರುವಿ ಮುಚ್ಚಿದರು. ಈಗ ಒಳಗಿರುವುದು ತಮ್ಮ ಮನೆಗೆ ವಾಪಸು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದರು ಮಾವ. ಆಗ ಅತ್ತೆ, ಇದನ್ನು ದೀಪ ಹಚ್ಚಿದ ಮೇಲೆ ಉರಿಸಬೇಕೆಂದಿದ್ದೇವೆ, ನಿಮ್ಮ ಮನಸ್ಸಿಗೆ ಸರಿ ಕಾಣದಿದ್ದರೆ ಉರಿಸುವುದಿಲ್ಲ ಎಂದಷ್ಟೇ ಹೇಳಿದರು.

ಅಜ್ಜಿ ಆಕಾಶ ನೋಡಿದರು. ಬಿಸಿಲು ಇನ್ನೂ ಮಾಡಿನ ಮೇಲಿತ್ತು.

“ಹೊತ್ತಿರೋವಾಗ ಕೊಟ್ಟಿದ್ದು ಕೊಟ್ಟ ಹಾಗೆ” ಅಂದರು. “ತಗೊಂಡು ಹೋದ ಅಕ್ಕೀನ ಯಾವಾಗ ಬೇಯಿಸ್ತೀಯ ಅಂತ ಅಂಗಡಿಯವ್ನು ಕೇಳ್ತಾನಾ ತಂಗಿ?”

ಮಾವ ಗಟ್ಟಿಯಾಗಿ ಉಸಿರು ಬಿಟ್ಟರು. ಅಜ್ಜಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ತಮ್ಮ ಕಡೆಯ ವಾಲ್ವನ್ನು ದಿನಾ ತಾವೇ ಮುಚ್ಚುವುದು, ಮುಚ್ಚುವ ಮುಂಚೆ ಕೂಗುವುದು, ತುಂಬಿರದಿದ್ದರೆ ದೀಪ ಹಚ್ಚುವುದನ್ನು ಒಂದು ಗಳಿಗೆ ತಡ ಮಾಡುವುದು, ಆದರೆ ಒಂದೇ ಗಳಿಗೆ, ಎಂದು ಕರಾರು ಹಾಕಿದರು. ದೇವರ ದೀಪವನ್ನು ನಮ್ಮ ಅನ್ನಕ್ಕಾಗಿ ಒಂದು ಗಳಿಗೆ ತಡೆದು ನಿಲ್ಲಿಸುತ್ತೇನೆಂದ ಆ ಮುದುಕಿಯ ಕಾಲಿಗೆ ನಮಸ್ಕಾರ ಮಾಡಬೇಕೆಂದು ಆಗ ನನಗೆ ಹೊಳೆಯಲೇ ಇಲ್ಲ. ಅತ್ತೆಗೆ ಹೊಳೆಯಿತು, ಮಾಡಿದರು. ಅಜ್ಜಿ ಎಳೆದು ಎಬ್ಬಿಸಿ, ನಾಳೆ ಕಲಗಚ್ಚಿನಲ್ಲಿ ಮೆಣಸಿನಕಾಯಿ ತೊಟ್ಟು ಹಾಕಬೇಡ, ಕರು ಕೆಮ್ಮುತ್ತದೆ ಎಂದು ಹೇಳಿ ಹೋದರು.

ಅದಾದ ಮೇಲೆ ನಮ್ಮ ಹಿತ್ತಲಿಗೆ ಒಂದು ಹೊಸ ಸಂಜೆಯ ಸದ್ದು ಬಂತು. ಆಚೆಯಿಂದ “ತುಂಬ್ತಾ?” ಈಚೆಯಿಂದ “ತುಂಬ್ತು ಅಮ್ಮಾ.” ಆಮೇಲೆ ವಾಲ್ವು ತಿರುವುವ ಕಿರಕ್, ಆಮೇಲೆ ತುಳಸಿಯ ಮುಂದೆ ದೀಪ. ಕಾಲೇಜಿಂದ ತಡವಾಗಿ ಬಂದ ದಿನ ಬೀದಿಯ ತಿರುವಿನಲ್ಲೇ ಅದು ಕೇಳಿಸಿದರೆ ಹೊಟ್ಟೆ ಹಸಿಯುತ್ತಿತ್ತು. ಜಡಿಮಳೆಯಲ್ಲಿ ಗ್ಯಾಸು ಕಡಿಮೆ, ಚೀಲ ಅರ್ಧವೂ ತುಂಬುತ್ತಿರಲಿಲ್ಲ, ಸಿಲಿಂಡರಿನ ಒಲೆ ಹಚ್ಚಲೇಬೇಕಾಗುತ್ತಿತ್ತು. ಮನೆಯಿಂದ ಸಿಲಿಂಡರನ್ನು ಪೂರ್ತಿ ಓಡಿಸಿದೆವು ಎಂದರೆ ಸುಳ್ಳಾಗುತ್ತದೆ. ಆದರೆ ಅದು ಅಡುಗೆಮನೆಯ ಯಜಮಾನನಾಗಿದ್ದದ್ದು ಹೋಗಿ, ಕರೆದಾಗ ಮಾತ್ರ ಬರುವ ನೆಂಟನಾಯಿತು. ಕಾಯಿಲ್ ಒಲೆ ಮತ್ತೆ ಅಟ್ಟ ಹತ್ತಿತು. ಮೀಟರು ನೋಡುವವನು ಗಿರಣಿ ಮಾರಿದಿರಾ ಎಂದು ಕೇಳಿದ.

ನಾನೀಗ ಹೊಸನಗರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅತ್ತೆಯ ಮನೆಗೆ ಈಗ ಕರೆಂಟಿನ ಬಿಲ್ಲು ಸೊನ್ನೆಯೆಂದೇ ಬರುತ್ತದೆ, ಸರ್ಕಾರದ ಯೋಜನೆಯಿಂದ. ಇನ್ನೇಕೆ ಆ ಪೈಪು, ಆ ಚೀಲ ಎಂದು ಯಾರೋ ಕೇಳಿದರಂತೆ. ಕೊಟ್ಟಿಗೆಯ ದನಗಳು ನಮ್ಮ ಕಲಗಚ್ಚಿಗೆ ಕಾಯುತ್ತವೆ ಎಂದು ಅತ್ತೆ ಹೇಳಿ ಕಳಿಸಿದರಂತೆ. ಆ ಕೋಣೆಯಲ್ಲಿ ಈಗ ಇರುವ ಟ್ರಂಕುಗಳು ಬೇರೆಯವು, ಒಂದು ಮಾತ್ರ ನಮ್ಮ ಊರಿನದೇ.

ನನ್ನ ಟ್ರಂಕು ಅಲ್ಲಿ ಉಳಿದ ಕಥೆ ಹೇಳಿ ಮುಗಿಸುತ್ತೇನೆ. ಆ ವರ್ಷದ ಪರೀಕ್ಷೆ ಮುಗಿದು ರಜೆಗೆ ಕರೆದೊಯ್ಯಲು ಅಪ್ಪ ಬಂದಿದ್ದರು. ಫೋನಿನಲ್ಲಿ ಹಾಸ್ಟೆಲಿನ ಮಾತು ಕೇಳಿದ್ದವರು, ಈ ಸಲ ಟ್ರಂಕನ್ನೂ ಒಯ್ಯುವ ಲೆಕ್ಕದಲ್ಲಿ ಹಗ್ಗ ತಂದಿದ್ದರು. ಆ ಹಗ್ಗ ಅವರ ಚೀಲದ ಬಾಯಿಂದ ಇಣುಕುತ್ತಿದ್ದುದನ್ನು ನಾನು ನೋಡಿದ್ದೆ. ಚಹಾ ಆಯಿತು, ಊರಿನ ಸುದ್ದಿ ಆಯಿತು. ಮುಂದಿನ ವರ್ಷ ಹೇಗೆ ಎಂದು ಅಪ್ಪ ಕೇಳಲಾರದೆ ಕೇಳಿದರು. ಮಾವ ಅವರ ಕೈ ಹಿಡಿದುಕೊಂಡು ಹಿತ್ತಲಿಗೆ ನಡೆದರು.

ಅಲ್ಲಿ ಶುರುವಾಯಿತು ಪಾಠ. ಇದು ಒಳಬಾಗಿಲು, ಇದು ಹೊರಬಾಗಿಲು, ಇಷ್ಟು ಕಲ್ಲಿಟ್ಟರೆ ಇಷ್ಟು ಉರಿ. ಅಪ್ಪ ಹೂಂಗುಡುತ್ತಿದ್ದರು, ಆದರೆ ಅವರ ಕಣ್ಣು ತಮ್ಮ ಪ್ರಶ್ನೆಯ ಉತ್ತರ ಎಲ್ಲಿದೆ ಎಂದು ಮಾವನ ಮುಖದಲ್ಲಿ ಹುಡುಕುತ್ತಿತ್ತು. ನಾನು ಬಾಗಿಲ ಹತ್ತಿರ ಉಗುರು ಕಚ್ಚುತ್ತಾ ನಿಂತಿದ್ದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು, ನನ್ನ ಕಡೆ ನೋಡಲೇ ಇಲ್ಲ.

ಆಚೆಯಿಂದ ಅಜ್ಜಿಯ ದನಿ ಬಂತು. ತುಂಬ್ತಾ?

ಈ ಸಲ ಉತ್ತರ ಕೊಟ್ಟವರು ಮಾವ. ಚೀಲದ ಮೇಲೆ ಕೈಯಿಟ್ಟು ಒತ್ತಿ ನೋಡಿ, ತುಂಬಿತು ಅಮ್ಮಾ ಎಂದು ಬೇಲಿಯಾಚೆಗೆ ಕೂಗಿದರು. ವಾಲ್ವು ಕಿರಕ್ ಎಂದಿತು. ಆಮೇಲೆ ಅವರು ಅಪ್ಪನ ಕಡೆ ತಿರುಗಿದರು.

“ಬಪ್ಪ ವರ್ಷ ಅಕ್ಕಿ ಚೀಲ ಸ್ವಲ್ಪ ದೊಡ್ಡದು ಕಳ್ಸು ಭಾವ. ಒಲೆ ತೊಂದ್ರೆ ಇಲ್ಲೆ.”

ಅಪ್ಪ ಹಗ್ಗವನ್ನು ಚೀಲದ ಒಳಕ್ಕೆ ದೂಡಿದರು. ಅತ್ತೆ ಆರಿಸಿದ ಅಕ್ಕಿಯನ್ನು ತೊಳೆಯಲು ಎದ್ದರು. ತೊಳೆದ ನೀರನ್ನು ಚೆಲ್ಲದೆ ಬಕೆಟ್ಟಿಗೆ ಹಾಕಿ, ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಕೊಟ್ಟರು.